ಬೌದ್ಧಿಕ ಅಂಗವೈಕಲ್ಯದ ಬಗ್ಗೆ ಹಲವು ವಿಭಾಗದವರು ಸೇರಿ ಮಾಡೋ ರಿಸರ್ಚ್‌ಗೆ ಫಂಡಿಂಗ್ ತರೋದು ಹೇಗೆ: ಮೊದಲಿಂದ ಕೊನೆವರೆಗೂ

1934ರಲ್ಲಿ ನಾರ್ವೆಯಲ್ಲಿ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನ ಕರ್ಕೊಂಡು ಡಾಕ್ಟರಿಂದ ಡಾಕ್ಟರಿಗೆ ಅಲೀತಿದ್ರು. ಇಬ್ಬರು ಮಕ್ಕಳೂ ಬೆಳವಣಿಗೆಯಲ್ಲಿ ತುಂಬಾ ಹಿಂದೆ, ಜೊತೆಗೆ ಅವರ ಮೈಯಿಂದ ಒಂಥರಾ ಕಮಟು ವಾಸನೆ, ಇದ್ಯಾಕೆ ಹೀಗೆ ಅಂತ ಕೇಳಿದ್ರೆ ಯಾರ ಹತ್ರಾನೂ ಉತ್ತರ ಇರ್ಲಿಲ್ಲ. ಕೊನೆಗೆ ಆಸ್ಬ್ಯೋರ್ನ್ ಫೋಲಿಂಗ್ ಅನ್ನೋರು ಆ ಮಾತನ್ನ ಕಿವಿಗೆ ಹಾಕ್ಕೊಂಡ್ರು. ಅವರು ಡಾಕ್ಟರೂ ಹೌದು, ಕೆಮಿಸ್ಟ್ರಿ ಓದಿದವರೂ ಹೌದು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿ ನೋಡಿದ್ರೆ ಅದು ಹಸಿರು ಬಣ್ಣಕ್ಕೆ ತಿರುಗ್ತು, ಅಲ್ಲಿಂದ ಬೆನ್ನು ಹತ್ತಿ ಹೋಗಿ ಈಗ ನಾವು ಪಿಕೆಯು ಅನ್ನೋ ಫಿನೈಲ್‌ಕೀಟೋನ್ಯೂರಿಯಾ ಕಾಯಿಲೆ ಸಿಕ್ತು. 1950ರ ದಶಕದ ಶುರುವಿನಲ್ಲಿ ಹಾರ್ಸ್ಟ್ ಬಿಕಲ್ ಮತ್ತೆ ಜೊತೆಗಾರರು ಫಿನೈಲ್‌ಅಲನಿನ್ (ಊಟದ ಪ್ರೋಟೀನ್‌ನಲ್ಲಿರೋ ಒಂದು ಅಂಶ, ಈ ಕಾಯಿಲೆ ಇರೋರ ಮೈ ಅದನ್ನ ಸರಿಯಾಗಿ ಅರಗಿಸ್ಕೊಳ್ಳಲ್ಲ) ಕಡಿಮೆ ಇರೋ ಡಯಟ್ ಕೊಟ್ರೆ ಮಗು ಸುಧಾರಿಸತ್ತೆ ಅಂತ ತೋರಿಸಿದ್ರು, 1960ರ ದಶಕದ ಶುರುವಿನಲ್ಲಿ ರಾಬರ್ಟ್ ಗಥ್ರಿ ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತವನ್ನ ಫಿಲ್ಟರ್ ಪೇಪರ್ ಮೇಲೆ ಒಣಗಿಸಿ ಟೆಸ್ಟ್ ಮಾಡೋ ವಿಧಾನ ಕೊಟ್ರು. ಗಥ್ರಿ ಮೈಕ್ರೋಬಯಾಲಜಿಯವರು, ಅವರ ಸ್ವಂತ ಮಗನಿಗೆ ಬೌದ್ಧಿಕ ಅಂಗವೈಕಲ್ಯ ಇತ್ತು, ಸಂಬಂಧಿಕರ ಒಂದು ಮಗುವಿಗೆ ಪಿಕೆಯು ಇತ್ತು.

ಒಂದು ಕಾಯಿಲೆಯ ಕಥೆಯಲ್ಲಿ ಎಷ್ಟು ಜನ ಇದಾರೆ ನೋಡಿ: ತಾಯಿ, ಕೆಮಿಸ್ಟ್ರಿಯವರು, ಮಕ್ಕಳ ಡಾಕ್ಟರು, ಡಯಟ್‌ನವರು, ಬ್ಯಾಕ್ಟೀರಿಯಾದವರು, ಆಮೇಲೆ ಅದನ್ನ ಪ್ರತಿ ಮಗುವಿಗೂ ತಲುಪಿಸಿದ ಸಾರ್ವಜನಿಕ ಆರೋಗ್ಯದವರು. ಇವರಲ್ಲಿ ಒಬ್ಬರು ಬಿಟ್ಟುಹೋಗಿದ್ರೂ ಕೆಲಸ ಅಲ್ಲಿಗೇ ನಿಂತಿರ್ತಿತ್ತು. ಈ ಕ್ಷೇತ್ರದಲ್ಲಿ ರಿಸರ್ಚ್ ಮಾಡೋರಿಗೆ ಇದು ಗೊತ್ತಿಲ್ಲದ್ದೇನಲ್ಲ, ಆದ್ರೆ ದುಡ್ಡು ಕೇಳೋಕೆ ಕೂತಾಗ ಎಲ್ಲರೂ ತಮ್ಮತಮ್ಮ ಭಾಗಕ್ಕೆ ಮಾತ್ರ ಕೇಳ್ತಾರೆ, ಒಂದು ಭಾಗವನ್ನ ಇನ್ನೊಂದಕ್ಕೆ ಬೆಸೆಯೋ ಕೆಲಸಕ್ಕೆ ಯಾರೂ ಕೇಳಲ್ಲ. ನಾನು ಸುಮಾರು ವರ್ಷದಿಂದ ಇಂಥ ಅರ್ಜಿಗಳನ್ನ ಬರ್ಕೊಂಡು, ಬೇರೆಯವರದ್ದು ಓದ್ಕೊಂಡು ಬಂದಿದೀನಿ, ಬಿದ್ದುಹೋದ ಅರ್ಜಿಗಳಲ್ಲಿ ಜಾಸ್ತಿ ಬಿದ್ದಿದ್ದು ಈ ಬೆಸುಗೆ ಇಲ್ಲದ್ದಕ್ಕೇ. ಹಾಗಾಗಿ ಪ್ರತಿ ಸ್ಟೆಪ್‌ನಲ್ಲೂ ಅದೇ ಮಾತು ಬರತ್ತೆ, ಬೇಜಾರು ಮಾಡ್ಕೋಬೇಡಿ.

ಸ್ಟೆಪ್ 1: ಪ್ರಶ್ನೆ ಹುಡುಕೋಕೆ ಮನೆಯವರ ಹತ್ರ ಹೋಗಿ

ಲ್ಯಾಬ್‌ನಲ್ಲಿ ಕೂತು ಪ್ರಶ್ನೆ ಮಾಡ್ಕೊಂಡು ಆಮೇಲೆ "ಕುಟುಂಬದವರ ಅಭಿಪ್ರಾಯ ಪಡೆಯಲಾಗುವುದು" ಅಂತ ಒಂದು ಸಾಲು ಸೇರಿಸಿದ್ರೆ ಓದೋರಿಗೆ ಥಟ್ ಅಂತ ಗೊತ್ತಾಗಿಬಿಡತ್ತೆ. ಮೊದಲ ತಿಂಗಳಲ್ಲೇ ಐದಾರು ಕುಟುಂಬದವರ ಜೊತೆ, ಅದಕ್ಕಿಂತ ಮುಖ್ಯವಾಗಿ ಬೌದ್ಧಿಕ ಅಂಗವೈಕಲ್ಯ ಇರೋ ದೊಡ್ಡವರ ಜೊತೆ ಕೂತು ಮಾತಾಡಿ. ದಿನದಲ್ಲಿ ಯಾವ ಹೊತ್ತು ಜಾಸ್ತಿ ಕಷ್ಟ ಅಂತ ಕೇಳಿ. ಜೀನ್ ಹಿಂದೆ ಬಿದ್ದಿರೋ ನಮಗೆ ಅವರು ನಿದ್ದೆ ಬಗ್ಗೆ, ಮಲಬದ್ಧತೆ ಬಗ್ಗೆ, ನೋವಾದ್ರೆ ಹೇಳೋಕೆ ಬರಲ್ಲ ಅನ್ನೋದ್ರ ಬಗ್ಗೆ, ನಾನು ಹೋದ್ಮೇಲೆ ಇವನನ್ನ ಯಾರು ನೋಡ್ಕೋತಾರೆ ಅನ್ನೋದ್ರ ಬಗ್ಗೆ ಹೇಳ್ತಾರೆ. ಇವೆಲ್ಲ ಒಂದೇ ವಿಭಾಗದವರಿಂದ ಬಗೆಹರಿಯೋ ಪ್ರಶ್ನೆಗಳಲ್ಲ, ಅಂದ್ರೆ ನಿಮಗೆ ಬೇಕಾಗಿದ್ದ ಅಂತರಶಿಸ್ತೀಯ, ಅಂದ್ರೆ ಹಲವು ವಿಭಾಗ ಸೇರಿ ಉತ್ತರಿಸ್ಬೇಕಾದ ಪ್ರಶ್ನೆ ಅಲ್ಲೇ ಇದೆ.

ಒಂದು ಉದಾಹರಣೆ ಹೇಳ್ತೀನಿ. ಡೌನ್ ಸಿಂಡ್ರೋಮ್ ಇರೋರಲ್ಲಿ 21ನೇ ಕ್ರೋಮೋಸೋಮ್ ಮೂರು ಪ್ರತಿ ಇರತ್ತೆ, ಇದನ್ನ 1959ರಲ್ಲಿ ಜೆರೋಮ್ ಲೆಜೂನ್ ತಂಡ ಪ್ರಕಟ ಮಾಡಿತು. ಅದೇ ಕ್ರೋಮೋಸೋಮ್ ಮೇಲೆ ಎಪಿಪಿ ಅನ್ನೋ ಜೀನ್ ಇದೆ, ಆಲ್ಝೈಮರ್ಸ್‌ನಲ್ಲಿ ಮೆದುಳಲ್ಲಿ ಸೇರ್ಕೊಳ್ಳೋ ಅಮಿಲಾಯ್ಡ್ ಅದರಿಂದಾನೇ ಬರೋದು, ಹಾಗಾಗಿ 40 ವರ್ಷ ದಾಟೋ ಹೊತ್ತಿಗೆ ಇವರಲ್ಲಿ ಹೆಚ್ಚುಕಮ್ಮಿ ಎಲ್ಲರ ಮೆದುಳಲ್ಲೂ ಆ ಬದಲಾವಣೆ ಕಾಣತ್ತೆ. ಇದು ಜೆನೆಟಿಕ್ಸ್. ಆದ್ರೆ ಒಬ್ಬ ಅಣ್ಣನೋ ತಂಗಿಯೋ ಬಂದು "ಇವನು ಈಗ ಬಟ್ಟೆ ಹಾಕ್ಕೊಳ್ಳೋದನ್ನ ಮರೀತಿದಾನೆ, ಇದು ಮರೆವಾ, ಥೈರಾಯ್ಡಾ, ಡಿಪ್ರೆಷನ್ನಾ, ಇಲ್ಲಾ ಅಮ್ಮ ಹೋದ ದುಃಖನಾ" ಅಂತ ಕೇಳಿದ್ರೆ ಅದಕ್ಕೆ ನ್ಯೂರಾಲಜಿ, ಸೈಕಾಲಜಿ, ಎಂಡೋಕ್ರೈನ್, ಸೋಷಿಯಲ್ ವರ್ಕ್ ಎಲ್ಲಾ ಒಟ್ಟಿಗೆ ಬೇಕು. ಹೀಗೆ ಒಬ್ಬ ಮನುಷ್ಯನ ಬಾಯಲ್ಲಿ ಬಂದ ಪ್ರಶ್ನೆಯಿಂದ ಶುರುವಾದ ಅರ್ಜಿ ಓದೋರ ಮನಸ್ಸಲ್ಲಿ ಉಳಿಯತ್ತೆ.

ಸ್ಟೆಪ್ 2: ಯಾರು ಯಾರಿಗೆ ಏನು ಕೊಡ್ತಾರೆ ಅಂತ ಬರೀರಿ

ನಮ್ಮ ತಂಡದ ಮೊದಲ ದೊಡ್ಡ ಅರ್ಜಿ ರಿಜೆಕ್ಟ್ ಆಯ್ತು. ಮೂರು ಭಾಗ ಇತ್ತು: ಜೆನೆಟಿಕ್ಸ್, ಬ್ರೈನ್ ಇಮೇಜಿಂಗ್, ತಾಯ್ತಂದೆಯರಿಗೆ ಟ್ರೈನಿಂಗ್. ಒಂದೊಂದೂ ಚೆನ್ನಾಗೇ ಇತ್ತು. ರಿವ್ಯೂವರ್‌ಗಳು ಹೇಳಿದ್ದು ಏನಂದ್ರೆ ಇದು ಮೂರು ಪ್ರಾಜೆಕ್ಟ್‌ಗಳ ಕಂತೆ, ಒಂದನ್ನ ಕಿತ್ತು ಹಾಕಿದ್ರೂ ಉಳಿದೆರಡಕ್ಕೆ ಏನೂ ಆಗಲ್ಲ ಅಂತ. ಅವತ್ತು ಸಿಟ್ಟು ಬಂದಿತ್ತು, ಆದ್ರೆ ಅವರು ಹೇಳಿದ್ದು ನಿಜ.

ಅವತ್ತಿಂದ ಒಂದು ಅಭ್ಯಾಸ ಮಾಡ್ಕೊಂಡಿದೀವಿ. ದೊಡ್ಡ ಹಾಳೆ ತಗೊಂಡು ತಂಡದಲ್ಲಿರೋ ವಿಭಾಗಗಳನ್ನೆಲ್ಲ ಬರೆದು ಒಂದರಿಂದ ಇನ್ನೊಂದಕ್ಕೆ ಬಾಣ ಎಳೀತೀವಿ, ಬಾಣದ ಮೇಲೆ ಏನು ಹೋಗತ್ತೆ ಅಂತ ಬರೀತೀವಿ. "ಜೆನೆಟಿಕ್ಸ್‌ನವರು ಇಂಥ ಗುಂಪಿನ ಪಟ್ಟಿ ಕೊಡ್ತಾರೆ, ಅದರ ಮೇಲೆ ಭಾಷಾ ತರಬೇತಿಯವರು ಯಾರಿಗೆ ಯಾವ ಡೋಸ್ ಅಂತ ಮಾಡ್ತಾರೆ, ಅವರ ವಿಡಿಯೋ ರೆಕಾರ್ಡಿಂಗ್ ಇಂಜಿನಿಯರಿಂಗ್‌ನವರಿಗೆ ಹೋಗತ್ತೆ." ಬಾಣದ ಮೇಲೆ ಬರೆಯೋಕೆ "ಸಹಕಾರ", "ಚರ್ಚೆ" ಅನ್ನೋ ಪದಗಳು ಮಾತ್ರ ಸಿಕ್ತಿದ್ರೆ ಅಲ್ಲಿ ಬೆಸುಗೆ ಇಲ್ಲ ಅಂತ ಅರ್ಥ. ಡೇಟಾನೋ, ಸ್ಯಾಂಪಲ್ಲೋ, ನಿರ್ಧಾರನೋ, ಕೈಯಲ್ಲಿ ಹಿಡಿಯೋ ಹಂಗಿರೋದು ಏನಾದ್ರೂ ಹೋಗ್ಬೇಕು. ಬಾಣ ಒಂದೂ ಮುಟ್ಟದೇ ಇರೋ ವಿಭಾಗ ಇದ್ರೆ ಅದನ್ನ ಎಷ್ಟೇ ಕಷ್ಟ ಆದ್ರೂ ಕೈಬಿಡಿ. ಇದು ಸ್ನೇಹಿತರನ್ನ ಕೈಬಿಟ್ಟಂಗೆ ಅನ್ಸತ್ತೆ, ಗೊತ್ತು.

ಸ್ಟೆಪ್ 3: ಯಾರ ಹತ್ರ ಕೇಳೋದು

ಈ ವಿಷಯಕ್ಕೆ ದುಡ್ಡು ಕೊಡೋ ಸಂಸ್ಥೆಗಳಲ್ಲಿ ದೊಡ್ಡದು ಅಮೆರಿಕದ ಎನ್‌ಐಎಚ್ (ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ) ಒಳಗಿನ ಎನ್‌ಐಸಿಎಚ್‌ಡಿ, ಮಕ್ಕಳ ಆರೋಗ್ಯ ಮತ್ತು ಬೆಳವಣಿಗೆ ನೋಡೋ ವಿಭಾಗ. ಕೆನಡಿ ಅಧ್ಯಕ್ಷರಾಗಿದ್ದಾಗ 1962ರಲ್ಲಿ ಶುರುವಾಯ್ತು, ಅಧ್ಯಕ್ಷರ ತಂಗಿ ಯೂನಿಸ್ ಕೆನಡಿ ಶ್ರೈವರ್ ಅದಕ್ಕಾಗಿ ಬೆನ್ನು ಹತ್ತಿದ್ರು, ಈಗ ಆ ಸಂಸ್ಥೆಗೆ ಅವರದೇ ಹೆಸರಿದೆ. ಯೂನಿಸ್ ಅವರ ಅಕ್ಕ ರೋಸ್‌ಮೇರಿಗೆ ಬೌದ್ಧಿಕ ಅಂಗವೈಕಲ್ಯ ಇತ್ತು. 1963ರ ಕಾನೂನಿಂದ ಶುರುವಾದ ಸಂಶೋಧನಾ ಕೇಂದ್ರಗಳ ಸರಣಿ ಇವತ್ತಿಗೂ ನಡೀತಿದೆ, ಐಡಿಡಿಆರ್‌ಸಿ ಅಂತ ಕರೀತಾರೆ. ಅದರ ಮಾದರಿಯನ್ನ ನೀವು ಎಲ್ಲೇ ಅರ್ಜಿ ಹಾಕಿದ್ರೂ ಒಮ್ಮೆ ಗಮನಿಸಿ: "ಕೋರ್" ಅಂತ ಹಂಚ್ಕೊಳ್ಳೋ ಸೌಲಭ್ಯಗಳಿಗೆ ದುಡ್ಡು ಹೋಗತ್ತೆ, ಕ್ಲಿನಿಕಲ್ ಕೋರ್, ಇಮೇಜಿಂಗ್ ಕೋರ್, ಡೇಟಾ ಕೋರ್ ಹೀಗೆ, ಹಲವು ವಿಭಾಗದವರು ಅದೇ ಕೋರ್‌ಗೆ ಬಂದು ಕೆಲಸ ಮಾಡ್ಲೇಬೇಕಾಗತ್ತೆ. ಅಂದ್ರೆ ಬೆಸುಗೆಗೇ ಅಲ್ಲಿ ದುಡ್ಡು ಇಟ್ಟಿದಾರೆ.

ಒಬ್ಬಿಬ್ಬರ ತಂಡಕ್ಕೆ ಸೆಂಟರ್ ಗ್ರಾಂಟ್ ಬೇಡ. ಎನ್‌ಐಎಚ್‌ನಲ್ಲಿ ಆರ್01 ಅನ್ನೋದು ಮುಖ್ಯ ಪ್ರಾಜೆಕ್ಟ್ ಗ್ರಾಂಟ್, ಹೊಸ ಐಡಿಯಾ ಪರೀಕ್ಷೆಗೆ ಆರ್21 ಅಂತ ಇರತ್ತೆ, ಅದರಲ್ಲಿ ಸಾಮಾನ್ಯವಾಗಿ 2 ವರ್ಷಕ್ಕೆ ಒಟ್ಟು 2,75,000 ಡಾಲರ್ ನೇರ ಖರ್ಚಿನ ಮಿತಿ. ಡೌನ್ ಸಿಂಡ್ರೋಮ್‌ಗೆ ಅಂತ 2018ರಲ್ಲಿ ಇನ್‌ಕ್ಲೂಡ್ ಅನ್ನೋ ಯೋಜನೆ ಶುರುವಾಗಿದೆ. ಯುರೋಪಿನಲ್ಲಿ ಇಆರ್‌ಸಿ (ಯುರೋಪಿಯನ್ ರಿಸರ್ಚ್ ಕೌನ್ಸಿಲ್) ಸಿನರ್ಜಿ ಗ್ರಾಂಟ್ ಇದೆ, 2ರಿಂದ 4 ಜನ ಮುಖ್ಯ ಸಂಶೋಧಕರು ಸೇರಿ 6 ವರ್ಷಕ್ಕೆ 1 ಕೋಟಿ ಯೂರೋವರೆಗೆ ಕೇಳಬಹುದು, ಒಬ್ಬರೇ ಮಾಡೋಕಾಗದ ಕೆಲಸಾನೇ ಆಗಿರ್ಬೇಕು ಅನ್ನೋದು ಅದರ ಷರತ್ತು. ಇನ್ನು ಒಂದೊಂದು ಸ್ಥಿತಿಗೆ ಅಂತಾನೇ ಕೆಲಸ ಮಾಡೋ ಪ್ರತಿಷ್ಠಾನಗಳು: ಆಟಿಸಂಗೆ ಸೈಮನ್ಸ್ ಫೌಂಡೇಷನ್‌ನ ಸ್ಫಾರಿ, ಫ್ರಜೈಲ್ ಎಕ್ಸ್ ಅನ್ನೋ ಜೆನೆಟಿಕ್ ಸ್ಥಿತಿಗೆ ಫ್ರಾಕ್ಸಾ, ಜೆನೆಟಿಕ್ ಕಾರಣದ ಬೌದ್ಧಿಕ ಅಂಗವೈಕಲ್ಯಕ್ಕೆ ಪ್ಯಾರಿಸ್‌ನ ಜೆರೋಮ್ ಲೆಜೂನ್ ಫೌಂಡೇಷನ್.

ನನ್ನ ಸಲಹೆ: ಮೊದಲು ಪ್ರತಿಷ್ಠಾನದಿಂದ ಚಿಕ್ಕ ಗ್ರಾಂಟ್ ತಗೊಳ್ಳಿ, ಅದರಲ್ಲಿ ಪೈಲಟ್ ಡೇಟಾ (ಚಿಕ್ಕ ಪ್ರಯೋಗದ ಡೇಟಾ) ಮಾಡಿ, ಆಮೇಲೆ ಸರ್ಕಾರಿ ಗ್ರಾಂಟ್‌ಗೆ ಹೋಗಿ. ಆ ಪೈಲಟ್‌ನಲ್ಲಿ ನಿಮ್ಮ ವಿಭಾಗದ ಫಲಿತಾಂಶಕ್ಕಿಂತ ಎರಡು ವಿಭಾಗದ ಮಧ್ಯದ ಆ ಬಾಣ ನಿಜವಾಗ್ಲೂ ಕೆಲಸ ಮಾಡತ್ತೆ ಅಂತ ತೋರಿಸಿ, ಹತ್ತು ಜನರಲ್ಲಿ ತೋರಿಸಿದ್ರೂ ಸಾಕು. ಅರ್ಜಿ ಬರೆಯೋಕೆ ಮುಂಚೆ ಆ ಸಂಸ್ಥೆಯ ಪ್ರೋಗ್ರಾಂ ಆಫೀಸರ್‌ಗೆ ಒಂದು ಪುಟದ ಸಾರಾಂಶ ಕಳಿಸಿ ಮಾತಾಡಿ. ತುಂಬಾ ಜನ ಇದಕ್ಕೆ ಹಿಂಜರೀತಾರೆ, ಅದು ಅವರ ಕೆಲಸಾನೇ, ಹಿಂಜರೀಬೇಡಿ. ಯಾವ ದೇಶದವರು ಅರ್ಜಿ ಹಾಕಬಹುದು ಅನ್ನೋ ನಿಯಮ ಆಗಾಗ ಬದಲಾಗ್ತಿರತ್ತೆ, ಅದನ್ನೂ ಅದೇ ಫೋನಲ್ಲಿ ಕೇಳ್ಬಿಡಿ.

ಸ್ಟೆಪ್ 4: ಅಳೆಯೋದು ಹೇಗೆ ಅಂತ ಮೊದಲೇ ಬಗೆಹರಿಸಿ

ಇಲ್ಲಿ ನಿಧಾನವಾಗಿ ಓದಿ, ಯಾಕಂದ್ರೆ ಈ ಕ್ಷೇತ್ರದಲ್ಲಿ ಕೋಟಿಗಟ್ಟಲೆ ದುಡ್ಡು ಈ ಜಾಗದಲ್ಲೇ ಮುಗ್ಗರಿಸಿದೆ.

ಫ್ರಜೈಲ್ ಎಕ್ಸ್ ತಗೊಳ್ಳಿ. ಎಫ್‌ಎಂಆರ್1 ಜೀನ್ 1991ರಲ್ಲಿ ಸಿಕ್ತು, ಆ ಜೀನಲ್ಲಿ ಸಿಜಿಜಿ ಅನ್ನೋ ಅಕ್ಷರಗಳು 200ಕ್ಕಿಂತ ಜಾಸ್ತಿ ಸಲ ರಿಪೀಟ್ ಆದ್ರೆ ಜೀನ್ ಬಾಯ್ಮುಚ್ಚಿಬಿಡತ್ತೆ, ಬೇಕಾದ ಪ್ರೋಟೀನ್ ಹುಟ್ಟಲ್ಲ. ಇಲಿಗಳಲ್ಲಿ ಎಂಗ್ಲೂಆರ್5 ಅನ್ನೋ ರಿಸೆಪ್ಟರ್‌ನ ತಡೆದ್ರೆ ತುಂಬಾ ಲಕ್ಷಣಗಳು ಸರಿಹೋದ್ವು, ಎಲ್ಲರಿಗೂ ಆಸೆ ಚಿಗುರ್ತು. ಆಮೇಲೆ ಮಾವೋಗ್ಲೂರಂಟ್ ಅನ್ನೋ ಔಷಧಿಯನ್ನ ಹದಿಹರೆಯದವರಿಗೂ ದೊಡ್ಡವರಿಗೂ ಕೊಟ್ಟು ನೋಡಿದ್ರೆ ಪ್ಲೆಸಿಬೋಗಿಂತ (ಔಷಧಿ ಅಂಶ ಇಲ್ಲದ ನಕಲಿ ಔಷಧಿಗಿಂತ) ಮೇಲು ಅಂತ ಬರ್ಲೇ ಇಲ್ಲ. ಮುಖ್ಯ ಅಳತೆ ಆಗಿದ್ದು ಮನೆಯವರು ತುಂಬೋ ನಡವಳಿಕೆ ಪ್ರಶ್ನಾವಳಿ, ಪ್ಲೆಸಿಬೋ ಗುಂಪಲ್ಲೂ ಅಂಕ ಸುಧಾರಿಸಿತ್ತು. ಔಷಧಿನೇ ಕೆಲಸ ಮಾಡ್ಲಿಲ್ವಾ, ವಯಸ್ಸು ಮೀರಿತ್ತಾ, ಅಥವಾ ಅಳತೆ ಪಟ್ಟಿಗೆ ಬದಲಾವಣೆ ಕಾಣ್ಲಿಲ್ವಾ ಅಂತ ಜನ ಇನ್ನೂ ವಾದ ಮಾಡ್ತಾರೆ. ಅದರಿಂದ ಪಾಠ ಕಲಿತು ಆಮೇಲೆ ಅದೇ ಔಷಧಿಯನ್ನ ಚಿಕ್ಕ ಮಕ್ಕಳಿಗೆ, ತಾಯ್ತಂದೆಯರ ಮೂಲಕ ಕೊಡೋ ಭಾಷಾ ತರಬೇತಿ ಜೊತೆ ಸೇರಿಸಿ ಟ್ರಯಲ್ ಮಾಡಿದ್ರು. ಔಷಧಿ ಅಲ್ಲೂ ಗೆಲ್ಲಲಿಲ್ಲ, ಆದ್ರೆ ಔಷಧಿಯವರು, ಭಾಷೆಯವರು, ಅಳತೆಯವರು ಮೊದಲ ದಿನದಿಂದ ಒಂದೇ ಟೇಬಲ್‌ನಲ್ಲಿ ಕೂತು ಮಾಡಿದ ಡಿಸೈನ್ ಅದು, ನನಗೆ ಅದೇ ಮಾದರಿ.

ಇನ್ನೊಂದು ಚಿಕ್ಕ ವಿಷಯ, ಆದ್ರೆ ಅರ್ಜಿನ ಉರುಳಿಸೋವಷ್ಟು ದೊಡ್ಡದು. ಸುಮಾರು ಐಕ್ಯೂ ಟೆಸ್ಟ್‌ಗಳು 40ರ ಹತ್ರ ನೆಲ ಮುಟ್ಟತ್ತೆ, ಅದಕ್ಕಿಂತ ಕೆಳಗೆ ಅಂಕಾನೇ ಇಲ್ಲ. ಒಬ್ಬ ಹುಡುಗ ಕಳೆದ ವರ್ಷ ನಾಲ್ಕು ಪ್ರಶ್ನೆಗೆ ಸರಿ ಉತ್ತರ ಹೇಳಿ 40 ತಗೊಂಡ, ಈ ವರ್ಷ ಹನ್ನೊಂದಕ್ಕೆ ಹೇಳಿದ್ರೂ 40ನೇ ಬಂತು ಅನ್ಕೊಳ್ಳಿ. ಅವನ ಮನೆಯವರ ಕಣ್ಣಿಗೆ ಬಿದ್ದ ಬದಲಾವಣೆ ನಿಮ್ಮ ಡೇಟಾದಲ್ಲಿ ಇಲ್ವೇ ಇಲ್ಲ. ಹಾಗಾಗಿ ಕಚ್ಚಾ ಅಂಕದಿಂದ ಲೆಕ್ಕ ಹಾಕೋ ಸ್ಕೋರ್, ವೈನ್‌ಲ್ಯಾಂಡ್ ತರದ ದಿನನಿತ್ಯದ ಕೌಶಲದ ಅಳತೆ, ಈ ಗುಂಪಲ್ಲೇ ಪರೀಕ್ಷೆ ಆಗಿರೋ ಕಾಗ್ನಿಟಿವ್ ಬ್ಯಾಟರಿ (ನೆನಪು, ಗಮನ, ಯೋಚನೆ ಅಳೆಯೋ ಟೆಸ್ಟ್‌ಗಳ ಗುಂಪು) ಇವನ್ನೆಲ್ಲ ಯೋಚನೆ ಮಾಡಿ, ಯಾವುದು ಯಾಕೆ ಅಂತ ಒಂದು ಪ್ಯಾರಾ ಬರೀರಿ, ತಂಡದಲ್ಲಿ ಸೈಕೋಮೆಟ್ರಿಕ್ಸ್ (ಇಂಥ ಅಳತೆಗಳನ್ನ ಮಾಡಿ ಪರೀಕ್ಷಿಸೋ ವಿದ್ಯೆ) ಗೊತ್ತಿರೋರು ಒಬ್ಬರು ಸಂಬಳದ ಮೇಲೆ ಇರ್ಲಿ. ಸುಮ್ನೆ ಸಲಹೆಗಾರರು ಅಂತ ಹೆಸರು ಹಾಕಿದ್ರೆ ಅವರಿಗೂ ಟೈಮ್ ಇರಲ್ಲ, ನಿಮಗೂ ಉಪಯೋಗ ಇಲ್ಲ.

ಸ್ಟೆಪ್ 5: ಯಾರ ಮಾತು ಕೊನೆ

ಎತ್ತು ಏರಿಗೆ, ಕೋಣ ನೀರಿಗೆ ಅನ್ನೋ ಹಾಗೆ ಆಗ್ಬಾರ್ದು ಅಂದ್ರೆ ಇದನ್ನ ಬರವಣಿಗೆಯಲ್ಲಿ ಇಡಿ. ಒಬ್ಬರಿಗಿಂತ ಜಾಸ್ತಿ ಪಿಐ (ಮುಖ್ಯ ಸಂಶೋಧಕರು) ಇದ್ರೆ ಎನ್‌ಐಎಚ್ ನಾಯಕತ್ವದ ಪ್ಲಾನ್ ಅಂತಾನೇ ಕೇಳತ್ತೆ, ಕೇಳದೇ ಇದ್ರೂ ನೀವು ಮಾಡ್ಕೊಳ್ಳಿ. ಜಗಳ ಆದ್ರೆ ಯಾರು ತೀರ್ಮಾನ ಮಾಡ್ತಾರೆ, ಪೇಪರ್‌ನಲ್ಲಿ ಮೊದಲ ಹೆಸರು ಯಾರದು, ಡೇಟಾ ಯಾರ ಕಂಪ್ಯೂಟರಲ್ಲಿ ಇರತ್ತೆ, ಒಬ್ಬರು ಬಿಟ್ಟುಹೋದ್ರೆ ಏನು. ಕುಟುಂಬದ ಪ್ರತಿನಿಧಿ ಮತ್ತೆ ಅಂಗವೈಕಲ್ಯ ಇರೋ ಸಹಸಂಶೋಧಕರಿಗೆ ಓಟು ಇದ್ಯಾ ಅಥವಾ ಕೂತು ಕೇಳೋದಷ್ಟೇನಾ, ಅದನ್ನೂ ಸ್ಪಷ್ಟವಾಗಿ ಬರೀರಿ. ಓಟು ಇರ್ಲಿ ಅನ್ನೋದು ನನ್ನ ಅಭಿಪ್ರಾಯ.

ಸ್ಟೆಪ್ 6: ಬಜೆಟ್

ಜನ ಬಜೆಟ್‌ನ ಕೊನೇ ವಾರ ಮಾಡ್ತಾರೆ, ಮೆಷಿನ್ನು, ಕೆಮಿಕಲ್ಲು, ಸಂಬಳ ಹಾಕಿ ಮುಗಿಸ್ತಾರೆ. ಆಮೇಲೆ ಒಬ್ಬ ಹುಡುಗಿ ಎಂಆರ್‌ಐಗೆ ಬರ್ತಾಳೆ, ಆ ಸದ್ದಿಗೆ ಹೆದರಿ ಕಿವಿ ಮುಚ್ಕೊಂಡು ಬಾಗಿಲಲ್ಲೇ ಕೂತುಬಿಡ್ತಾಳೆ, ಆ ದಿನದ ಸ್ಕ್ಯಾನರ್ ಬಾಡಿಗೆ ಹೋಯ್ತು, ಅಮ್ಮನ ಒಂದು ದಿನದ ಸಂಬಳ ಹೋಯ್ತು, ಅವಳು ಮತ್ತೆ ಆ ಕಟ್ಟಡದ ಕಡೆ ಬರಲ್ಲ. ಇದನ್ನ ನಾನು ಕಣ್ಣಾರೆ ನೋಡಿದೀನಿ. ಅವಳು ಹೆದರಿದ್ದು ಅವಳ ತಪ್ಪಲ್ಲ, ನಾವು ತಯಾರಿಗೆ ದುಡ್ಡು ಇಟ್ಟಿರ್ಲಿಲ್ಲ. ಮುಂದಿನ ಸಲ ಏನು ಮಾಡಿದ್ವಿ ಅಂದ್ರೆ ಸದ್ದು ಮಾತ್ರ ಬರೋ ನಕಲಿ ಸ್ಕ್ಯಾನರ್‌ನಲ್ಲಿ ಮೂರು ಸಲ ಅಭ್ಯಾಸ, ಬರೋಕೆ ಮುಂಚೆ ಮನೆಗೆ ಫೋಟೋಗಳ ಪುಟ್ಟ ಪುಸ್ತಕ, "ಇದು ಬಾಗಿಲು, ಇದು ಹಾಸಿಗೆ, ಇವರು ನಿನ್ನ ಜೊತೆ ಇರ್ತಾರೆ" ಅಂತ, ಸ್ಕ್ಯಾನ್ ಸದ್ದಿನ ಆಡಿಯೋ ಮೊಬೈಲಿಗೆ. ಇದಕ್ಕೆಲ್ಲ ಒಬ್ಬರ ಅರ್ಧ ಸಮಯದ ಸಂಬಳ ಬೇಕು, ಬಜೆಟ್‌ನಲ್ಲಿ ಕೇಳಿ.

ಇದರ ಜೊತೆ ಮರೀಬಾರದ ಸಾಲುಗಳು: ಕರ್ಕೊಂಡು ಬರೋರ ಪ್ರಯಾಣ ಮತ್ತು ಅವರ ದಿನದ ನಷ್ಟ, ಮನೆಯಲ್ಲಿರೋ ಇನ್ನೊಂದು ಮಗುವನ್ನ ನೋಡ್ಕೊಳ್ಳೋರ ಖರ್ಚು, ಒಂದೇ ಸಲಕ್ಕೆ ಮುಗಿಯದ ಟೆಸ್ಟ್‌ಗೆ ಎರಡನೇ ಭೇಟಿ, ಮಾತು ಬರದೇ ಇರೋರಿಗೆ ಸಂವಹನ ಸಾಧನ, ಸಹಸಂಶೋಧಕರಿಗೆ ಗೌರವಧನ, ಸುಲಭ ಭಾಷೆಯಲ್ಲಿ ಬರೆದು ಚಿತ್ರ ಹಾಕೋರ ಫೀಸು. ಆಮೇಲೆ ಬೆಸುಗೆಯ ಖರ್ಚು: ಪೂರ್ತಿ ಸಮಯದ ಕೋಆರ್ಡಿನೇಟರ್, ಎಲ್ಲಾ ವಿಭಾಗದ ಡೇಟಾನ ಒಂದೇ ಐಡಿ ಅಡಿ ತರೋ ಡೇಟಾ ಮ್ಯಾನೇಜರ್, ವರ್ಷಕ್ಕೆ ಎರಡು ಸಲ ಎಲ್ಲರೂ ಮುಖಾಮುಖಿ ಸೇರೋ ಖರ್ಚು. ಬಜೆಟ್ ಕಡಿತ ಆದಾಗ ಎಲ್ಲರೂ ಮೊದಲು ಕತ್ತರಿ ಹಾಕೋದು ಈ ಕೋಆರ್ಡಿನೇಟರ್‌ಗೇ. ಹಾಕ್ಬೇಡಿ, ಒಂದು ಮೆಷಿನ್ ಬಿಡಿ ಬೇಕಾದ್ರೆ. ಎನ್‌ಐಎಚ್ 2023ರ ಜನವರಿಯಿಂದ ಡೇಟಾ ನಿರ್ವಹಣೆ ಮತ್ತು ಹಂಚಿಕೆಯ ಪ್ಲಾನ್ ಕಡ್ಡಾಯ ಮಾಡಿದೆ, ಅದರ ಖರ್ಚನ್ನೂ ಕೇಳಬಹುದು, ಹಾಗಾಗಿ ಡೇಟಾ ಮ್ಯಾನೇಜರ್‌ಗೆ ಸಮರ್ಥನೆ ಸಿಕ್ಕಂಗಾಯ್ತು.

ಸ್ಟೆಪ್ 7: ಒಪ್ಪಿಗೆ

ಅಮೆರಿಕದ ವಿಲೋಬ್ರೂಕ್ ಶಾಲೆಯಲ್ಲಿ 1950ರ ದಶಕದಿಂದ 70ರವರೆಗೆ ಬೌದ್ಧಿಕ ಅಂಗವೈಕಲ್ಯ ಇದ್ದ ಮಕ್ಕಳಿಗೆ ಬೇಕಂತಾನೇ ಹೆಪಟೈಟಿಸ್ ವೈರಸ್ ಕೊಟ್ಟು ಅಧ್ಯಯನ ಮಾಡಿದ್ರು. ಎಥಿಕ್ಸ್ ಕಮಿಟಿಯವರು ಈ ಗುಂಪಿನ ವಿಷಯದಲ್ಲಿ ಅಷ್ಟು ಬಿಗಿ ಯಾಕೆ ಅಂದ್ರೆ ಹಿಂದೆ ಇಂಥದ್ದೆಲ್ಲ ಆಗಿದೆ. ಆದ್ರೆ ಅದಕ್ಕೆ ಹೆದರಿ ಇವರನ್ನ ರಿಸರ್ಚ್‌ನಿಂದಾನೇ ದೂರ ಇಟ್ರೆ ಅವರಿಗೆ ಬೇಕಾದ ಔಷಧಿ, ಚಿಕಿತ್ಸೆ ಯಾವತ್ತೂ ಪರೀಕ್ಷೆ ಆಗಲ್ಲ, ಅದೂ ಅನ್ಯಾಯಾನೇ.

ಅರ್ಜಿಯಲ್ಲಿ ಇಷ್ಟು ಬರೀರಿ: ಕಾನೂನಿನ ಪ್ರಕಾರ ಒಪ್ಪಿಗೆ ಯಾರು ಕೊಡ್ತಾರೆ, ಅದರ ಜೊತೆ ಆ ವ್ಯಕ್ತಿಯ ಸ್ವಂತ ಸಮ್ಮತಿ ಹೇಗೆ ತಗೋತೀರಿ, ಮಾತು ಬರದೇ ಇರೋರು "ಬೇಡ" ಅನ್ನೋದನ್ನ ಹೇಗೆ ತೋರಿಸ್ತಾರೆ, ಮುಖ ತಿರುಗಿಸೋದು, ಎದ್ದು ಹೋಗೋದು, ಕೈ ತಳ್ಳೋದು, ಅದನ್ನ ಸ್ಟಾಫ್ ಹೇಗೆ ಗುರುತಿಸಿ ನಿಲ್ಲಿಸ್ತಾರೆ. ಪ್ರತಿ ಭೇಟಿಗೂ ಹೊಸದಾಗಿ ಕೇಳ್ತೀವಿ ಅಂತ ಬರೀರಿ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ 12ನೇ ವಿಧಿ ಕಾನೂನು ಸಾಮರ್ಥ್ಯದ ಬಗ್ಗೆ ಇದೆ, 15ನೇ ವಿಧಿ ಒಪ್ಪಿಗೆ ಇಲ್ಲದ ಪ್ರಯೋಗ ಕೂಡದು ಅನ್ನತ್ತೆ, ಎರಡನ್ನೂ ಓದಿಯೇ ಈ ಭಾಗ ಬರೀರಿ.

ಸ್ಟೆಪ್ 8: ಆ ಒಂದು ಪುಟ

ಎನ್‌ಐಎಚ್‌ನಲ್ಲಿ ಗುರಿಗಳ ಪುಟ ಅಂದ್ರೆ ಒಂದೇ ಪುಟ, ಮುಖ್ಯ ಯೋಜನೆ ಆರ್01ಗೆ 12 ಪುಟ, ಆರ್21ಗೆ 6. ರಿವ್ಯೂ ಮೀಟಿಂಗಲ್ಲಿ ಎಲ್ಲರೂ ಓದಿರೋದು ಆ ಒಂದು ಪುಟ ಮಾತ್ರ ಅನ್ಕೊಂಡೇ ಬರೀರಿ, ಅದನ್ನ ಹತ್ತು ಸಲ ತಿದ್ದಿ. ಮೊದಲ ಪ್ಯಾರಾದಲ್ಲಿ ಮನುಷ್ಯನ ಪ್ರಶ್ನೆ, ಎರಡನೇದರಲ್ಲಿ ಇದುವರೆಗೂ ಯಾಕೆ ಉತ್ತರ ಸಿಕ್ಕಿಲ್ಲ, ಆಮೇಲೆ ಗುರಿಗಳು. ಎರಡನೇ ಗುರಿ ಪೂರ್ತಿ ಮೊದಲನೇದರ ಮೇಲೆ ನಿಂತಿದ್ರೆ ಮೊದಲನೇದು ಕುಸಿದ ತಕ್ಷಣ ಎಲ್ಲಾ ಕುಸಿಯತ್ತೆ ಅಂತ ರಿವ್ಯೂವರ್ ಹಿಡೀತಾರೆ, ಹಾಗಾಗಿ ಬೆಸುಗೆ ಇರ್ಲಿ ಆದ್ರೆ ಒಂದೇ ಕಂಬದ ಮೇಲೆ ಮನೆ ಕಟ್ಬೇಡಿ, ಮೊದಲನೇದು ಇಲ್ಲ ಅಂತ ಬಂದ್ರೆ ಎರಡನೇದರಲ್ಲಿ ಏನು ಮಾಡ್ತೀವಿ ಅಂತ ಒಂದು ಸಾಲು ಇರ್ಲಿ.

ಭಾಷೆ ಬಗ್ಗೆ: ನಿಮ್ಮ ಅರ್ಜಿ ಓದೋ ಮೂರು ಜನರಲ್ಲಿ ಇಬ್ಬರು ನಿಮ್ಮ ವಿಭಾಗದವರಲ್ಲ. ಜೆನೆಟಿಕ್ಸ್ ಭಾಗವನ್ನ ಸೋಷಿಯಲ್ ವರ್ಕ್‌ನವರಿಗೆ ಓದೋಕೆ ಕೊಡಿ, ಅವರದ್ದನ್ನ ಜೆನೆಟಿಕ್ಸ್‌ನವರಿಗೆ, ಅರ್ಥ ಆಗದ ಸಾಲಿಗೆ ಅಡಿಗೆರೆ ಹಾಕೋಕೆ ಹೇಳಿ. ಹಳೇ ಕಾಲದ ಅವಮಾನದ ಪದಗಳನ್ನ ತೆಗೀರಿ, ಅಮೆರಿಕದ ಕಾನೂನಿಂದಾನೇ 2010ರಲ್ಲಿ ರೋಸಾಸ್ ಲಾ ಮೂಲಕ ತೆಗೆದುಹಾಕಿದಾರೆ. "ನರಳುತ್ತಿರುವ" ಅನ್ನೋದನ್ನೂ ತೆಗೀರಿ.

ಸ್ಟೆಪ್ 9: ಕಳಿಸಿದ ಮೇಲೆ

ಎನ್‌ಐಎಚ್‌ನಲ್ಲಿ ಅಂಕ 1ರಿಂದ 9, 1 ಅಂದ್ರೆ ಅತ್ಯುತ್ತಮ. 2025ರ ಜನವರಿಯಿಂದ ಮೂರು ಅಂಶ ನೋಡ್ತಾರೆ: ವಿಷಯದ ಮಹತ್ವ, ವಿಧಾನ ಎಷ್ಟು ಗಟ್ಟಿ ಮತ್ತೆ ಆಗೋವಂಥದ್ದಾ, ತಂಡ ಮತ್ತು ಸೌಲಭ್ಯ ಸಾಕಾ. ಮೊದಲೆರಡಕ್ಕೆ ಮಾತ್ರ ಅಂಕ, ಮೂರನೇದು ಸಾಕು ಅಥವಾ ಸಾಲದು ಅಷ್ಟೇ. ಹಾಗಾಗಿ ದೊಡ್ಡ ಹೆಸರುಗಳನ್ನ ತುಂಬಿಸೋದಕ್ಕಿಂತ ವಿಧಾನದ ಮೇಲೆ ಕೂತ್ಕೊಳ್ಳಿ.

ರಿಜೆಕ್ಟ್ ಆದ್ರೆ, ಮೊದಲ ಸಲ ಆಗೋದೇ ಜಾಸ್ತಿ, ಅಭಿಪ್ರಾಯದ ಪತ್ರವನ್ನ ಒಮ್ಮೆ ಓದಿ ಒಂದು ವಾರ ಎತ್ತಿಡಿ. ಆಮೇಲೆ ಪ್ರತಿ ಮಾತನ್ನೂ ಮೂರು ಗುಂಪು ಮಾಡಿ: ಅವರು ಹೇಳಿದ್ದು ಸರಿ, ಅವರಿಗೆ ಅರ್ಥ ಆಗ್ಲಿಲ್ಲ ಅಂದ್ರೆ ನಾವು ಸರಿಯಾಗಿ ಬರೀಲಿಲ್ಲ, ನಾವು ಒಪ್ಪಲ್ಲ. ಮೂರನೇ ಗುಂಪಲ್ಲಿ ಎರಡಕ್ಕಿಂತ ಜಾಸ್ತಿ ಇದ್ರೆ ಇನ್ನೊಮ್ಮೆ ಓದಿ. ಎನ್‌ಐಎಚ್‌ನಲ್ಲಾದ್ರೆ ಅದೇ ಅರ್ಜಿಯನ್ನ ತಿದ್ದಿ 37 ತಿಂಗಳೊಳಗೆ ಒಂದು ಸಲ ಮತ್ತೆ ಹಾಕಬಹುದು, ಅದೂ ಆಗ್ಲಿಲ್ಲ ಅಂದ್ರೆ ಹೊಸ ಅರ್ಜಿಯಾಗಿ ಹಾಕ್ಬೇಕು. ನಮ್ಮದು ಆ ಮೂರು ಭಾಗದ ಕಂತೆ ಎರಡನೇ ಸಲ ಹೋದಾಗ ಬ್ರೈನ್ ಇಮೇಜಿಂಗ್ ಪೂರ್ತಿ ಬಿಟ್ಟಿದ್ವಿ, ಉಳಿದ ಎರಡರ ಮಧ್ಯ ಎರಡು ಬಾಣ ಗಟ್ಟಿಯಾಗಿತ್ತು, ಅದಕ್ಕೆ ಸಿಕ್ತು.

ಫಲಿತಾಂಶ ಬಂದ ದಿನ, ಸಿಕ್ಲಿ ಬಿಡ್ಲಿ, ಮೊದಲ ತಿಂಗಳಲ್ಲಿ ಕೂತು ಮಾತಾಡಿದ ಆ ಐದಾರು ಕುಟುಂಬಕ್ಕೂ ಆ ದೊಡ್ಡವರಿಗೂ ಫೋನ್ ಮಾಡಿ ಹೇಳಿ. ಸಿಕ್ಕಿಲ್ಲ ಅಂದ್ರೆ ಯಾವ ತಿಂಗಳು ಮತ್ತೆ ಹಾಕ್ತೀವಿ ಅಂತಾನೂ ಹೇಳಿ, ಆ ತಾರೀಕು ನಿಮ್ಮ ಕ್ಯಾಲೆಂಡರ್‌ನಲ್ಲಿ ಆಗಲೇ ಬರೆದಿರ್ಲಿ.